ಕುಣಿ ನಾಲ್ಕರ ಹಗೇವು

ಉತ್ಖನನದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಹೋದ ತಿಂಗಳು ರೋಣದ ನಮ್ಮ ಮನೆಗೆ ಬಂದಿದ್ದರು. ನಮ್ಮೂರ ದಿಬ್ಬವನ್ನು ಅಗೆದ ಹಳೆಯ ವರದಿಯನ್ನು ಅವರು ಎಲ್ಲೋ ಓದಿದ್ದರಂತೆ. ನಾಲ್ಕನೆಯ ಕುಣಿಯಲ್ಲಿದ್ದ ಪುರಾತನ ಹಗೇವೊಂದನ್ನು ಈರಪ್ಪ ಎಂಬ ಕೆಲಸಗಾರ ಬರೀ ಮಣ್ಣು ನೋಡಿ ಗುರುತಿಸಿದ ಎಂದು ಅದರಲ್ಲಿದೆ. "ಆ ಈರಪ್ಪ ಅಂದ್ರ ನೀವ ಏನ್ರಿ ಅಜ್ಜಾರ?" ಎಂದು ಕೇಳಿದರು. ಹೌದು ಎಂದೆ. ಇಬ್ಬರೂ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆ ಕಾಲದಲ್ಲಿ ಕೆಲಸ ಹೇಗಿತ್ತು, ಬರೆದಿಡಿ ಎಂದು ಹೇಳಿ ಹೋದರು.

ಆ ಹಗೇವನ್ನು ಗುರುತಿಸಿದವನು ನಾನಲ್ಲ. ನನ್ನ ತಂಗಿ ನೀಲವ್ವ. ಅವಳು ಹೇಳಿದ್ದನ್ನು ನಾನು ಮುಚ್ಚಿಟ್ಟೆ. ಅದು ಹೊರಬಿದ್ದಾಗ ತಪ್ಪನ್ನು ಅವಳ ಮೇಲೆ ಹಾಕಿದೆ. ಕೆಲಸ ಹೇಗಿತ್ತು ಎಂಬುದನ್ನೂ ಈ ಸಂಗತಿಯನ್ನೂ ಬೇರೆ ಬೇರೆ ಮಾಡಿ ಬರೆಯಲು ನನಗೆ ಬರುವುದಿಲ್ಲ. ನಾನು ಮೂರನೆಯ ಇಯತ್ತೆಯವರೆಗೆ ಸಾಲೆಗೆ ಹೋದವನು. ತಿಳಿದ ಹಾಗೆ ಬರೆಯುತ್ತೇನೆ.

ಹಗೇವು ಈಗಿನವರು ಕಂಡಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದಲ್ಲಿ ತೋಡುವ ಕುಣಿ ಅದು. ಬಾಯಿ ಒಬ್ಬರು ಇಳಿಯುವಷ್ಟು ಇಕ್ಕಟ್ಟು, ಹೊಟ್ಟೆ ಅಗಲ. ಒಳಗೋಡೆಗೆ ಜೋಳದ ಕಣಿಕೆಯನ್ನು, ಅಂದರೆ ಒಣ ದಂಟನ್ನು, ಒತ್ತಾಗಿ ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಾರೆ. ನಮ್ಮ ಕಡೆ ಸಾವಿರ ವರ್ಷದ ಹಿಂದೆಯೂ ಹೀಗೇ ಮಾಡುತ್ತಿದ್ದರು. ಹಾಗಾಗಿ ಹಳೆಯ ಊರಿನ ಮಣ್ಣು ಅಗೆದರೆ ಹಗೇವು ಸಿಗದೆ ಇರುವುದಿಲ್ಲ. ಮೇಲಿನ ಕಾಲದವರು ತೋಡಿದ ಹಗೇವು ಕೆಳಗಿನ ಕಾಲದ ಮಣ್ಣಿನೊಳಗೆ ಹೋಗಿ ನಿಂತಿರುತ್ತದೆ. ಅದನ್ನು ಗುರುತಿಸದೆ ಅಗೆದರೆ ಮೊಮ್ಮಕ್ಕಳ ಸಾಮಾನು ಮುತ್ತಜ್ಜನ ಬುಟ್ಟಿಗೆ ಬೀಳುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ನಮ್ಮೂರು ಯಾವಗಲ್ಲಿನ ಆಚೆ, ಎರೆ ಹೊಲಗಳ ನಡುವೆ ಇದೆ. ಊರ ಹಿಂದಿನ ದಿಬ್ಬಕ್ಕೆ ಹಾಳೂರು ಎಂದು ಹೆಸರು. ಮಳೆ ಹಿಡಿಯುವ ಮುಂಚೆ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಹಾಕಲು ಅಲ್ಲಿಯ ಬೂದುಮಣ್ಣು ತರುತ್ತಿದ್ದೆವು. ಆ ಮಣ್ಣು ಹಾಕಿದ ಮಾಳಿಗೆ ಸೋರುವುದಿಲ್ಲ. ಮುಂದೆ ಉತ್ಖನನ ನಡೆಸಿದ ಸಾಹೇಬರು ಮೊದಲು ನೋಡಿದ್ದು ದಿಬ್ಬವನ್ನಲ್ಲ, ನಮ್ಮ ಮಾಳಿಗೆಯನ್ನು. ನರಗುಂದದ ಕಡೆಯಿಂದ ಬರುತ್ತ ನೀರು ಕುಡಿಯಲು ನಿಂತವರು ಗೋಡೆಯ ಅಂಚಿಗೆ ಬಿದ್ದಿದ್ದ ಒಂದು ಬೋಕಿಯನ್ನು, ಅಂದರೆ ಒಡೆದ ಮಡಕೆಯ ಚೂರನ್ನು, ಎತ್ತಿಕೊಂಡು ಸೀದಾ ನಿಚ್ಚಣಿಕೆ ಹತ್ತಿದರು. ಮೇಲೆ ನಮ್ಮವ್ವ ಶಾವಿಗೆ ಒಣಗಲು ಹಾಕಿದ್ದಳು.

"ಯಾರಪಾ ನೀ? ಶ್ಯಾವಗಿ ತುಳೀಬ್ಯಾಡ."

"ಬೋಕಿ ನೋಡಾಕ ಬಂದೀನಿ ಅವ್ವಾ."

"ಬೋಕಿ ನೋಡಾಕ ಮಾಳಗಿ ಯಾಕ ಹತ್ತಬೇಕು? ತಿಪ್ಪ್ಯಾಗ ಬೇಕಾದಷ್ಟ ಬಿದ್ದಾವು."

ಸಾಹೇಬರು ನಕ್ಕರು. ಅವರು ನಮ್ಮ ಭಾಷೆಯವರೇ. ಮಣ್ಣು ಎಲ್ಲಿಂದ ತಂದದ್ದು ಎಂದು ಕೇಳಿದರು. ಅವತ್ತು ಸಂಜೆ ಅವರನ್ನು ದಿಬ್ಬಕ್ಕೆ ಕರೆದುಕೊಂಡು ಹೋದವನು ನಾನು. ಆಗ ನಮ್ಮದು ಮುಂಬಯಿ ರಾಜ್ಯ. ಮುಂದಿನ ಚಳಿಗಾಲಕ್ಕೆ ಅವರು ಡೇರೆ, ಹಗ್ಗ, ಗೂಟಗಳ ಸಮೇತ ಬಂದರು.

ಊರಿನವರು ಒಂದು ಮಾತಿನ ಮೇಲೆ ಒಪ್ಪಿದ್ದರು. ಅಗೆಯುವವರು ಊರಿನವರೇ ಆಗಬೇಕು, ಸಿಕ್ಕದ್ದನ್ನು ದಿನಾ ಸಂಜೆ ಚಾವಡಿಯಲ್ಲಿ ಎಲ್ಲರಿಗೂ ತೋರಿಸಬೇಕು. ಸಾಹೇಬರು ಇದನ್ನು ಕೊನೆಯವರೆಗೂ ನಡೆಸಿದರು. ಮೊದಲ ವಾರ ಜನ ಬಂಗಾರದ ಆಸೆಗೆ ಬಂದರು. ಒಂದು ದಿನ ಸಾಹೇಬರು ಕಪ್ಪಗೆ ಸುಟ್ಟ ಒಂದು ಹಿಡಿ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಇದು ಬಂಗಾರಕ್ಕಿಂತ ಹೆಚ್ಚಿನದು ಎಂದರು. ಯಾರಿಗೂ ಅರ್ಥವಾಗಲಿಲ್ಲ. ಒಬ್ಬ ಮುದುಕಿ ಹತ್ತಿರ ಬಂದು ಬಗ್ಗಿ ನೋಡಿ, "ಹುರಳಿ. ಹುರಿಯಾಕ ಇಟ್ಟು ಮಾತಾಡ್ಕೋತ ಕುಂತಾಳ ಯಾವಕ್ಯೋ," ಎಂದಳು. ಸಾಹೇಬರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಪಟ್ಟಣದಲ್ಲಿ ಪರೀಕ್ಷೆ ಮಾಡಿಸಿದಾಗಲೂ ಹುರಳಿ ಎಂದೇ ಬಂತು.

ದಿಬ್ಬದಲ್ಲಿ ಒಂದರ ಮೇಲೊಂದು ಊರುಗಳಿದ್ದವು. ಮೇಲೆ ನಮ್ಮ ಅಜ್ಜಂದಿರ ಕಾಲದ ಬಳೆ ಚೂರು, ಹುಕ್ಕಾದ ಬುರುಡೆ. ಅದರ ಕೆಳಗೆ ಕಲ್ಲು ಹಾಸಿದ ಅಂಗಳ. ಇನ್ನೂ ಕೆಳಗೆ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ. ಎಲ್ಲಕ್ಕಿಂತ ಕೆಳಗೆ ಚಕ್ರವಿಲ್ಲದೆ ಕೈಯಲ್ಲಿ ಮಾಡಿದ ಬೂದು ಮಡಕೆ, ಉಜ್ಜಿ ಹರಿತ ಮಾಡಿದ ಕಲ್ಲು ಕೊಡಲಿ. ನಡುವೆ ಎಲ್ಲಿಯೂ ಊರು ಪೂರ್ತಿ ಬಿಟ್ಟುಹೋದ ಗುರುತಿಲ್ಲ ಎಂದು ಸಾಹೇಬರು ಚಾವಡಿಯಲ್ಲಿ ಹೇಳಿದಾಗ ಗೌಡರಿಗೆ ಹೆಮ್ಮೆಯಾಯಿತು.

"ಸಾಹೇಬ್ರ, ಎಲ್ಲಾರ್ಕಿಂತ ಕೆಳಗ ಇರೂದು ಯಾರ ಮನಿ ಅಂತ ನೋಡ್ರಿ. ನಮ್ಮದ ಇರಬೇಕು."

ಬುಟ್ಟಿ ಹೊರುವ ದುರ್ಗಪ್ಪ ಬಾಗಿಲ ಹೊರಗೆ ಕುಳಿತಿದ್ದ. "ಎಲ್ಲಾರ್ಕಿಂತ ಕೆಳಗ ಇರಾವ್ರು ನಾವಲ್ರಿ ಗೌಡ್ರ, ಅಲ್ಲಿನೂ ನೀವ ಬರ್ತೀರೇನು?" ಎಂದ. ಗೌಡರೂ ನಗಬೇಕಾಯಿತು.

ನನಗೆ ಕೆಲಸ ಕಲಿಸಿದವರು ಹುಸೇನಸಾಬ ಮೇಸ್ತ್ರಿ. ವಿಜಾಪುರದ ಕಡೆಯವರು, ಹಲವು ಕಡೆ ಅಗೆದವರು. ಕುಣಿಯಲ್ಲಿ ಅವರ ಮಾತೇ ನಡೆಯುತ್ತಿತ್ತು. ಗುದ್ದಲಿಯನ್ನು ಎತ್ತಿ ಹೊಡೆಯುವುದು ಅವರಿಗೆ ಸೇರುತ್ತಿರಲಿಲ್ಲ. ಮಣಿಕಟ್ಟಿನಿಂದ ಎಳೆಯಬೇಕು, ಮಣ್ಣು ಸಿಪ್ಪೆಯ ಹಾಗೆ ಬರಬೇಕು. ಎರಡನೆಯ ದಿನವೇ ನಾನು ಒಂದು ಇಡೀ ಮಡಕೆಯನ್ನು ಗುದ್ದಲಿಯಿಂದ ಒಡೆದೆ. ಅವರು ಬೈಯಲಿಲ್ಲ. ಮೂರು ದಿನ ನನ್ನನ್ನು ಕುಣಿಗೆ ಇಳಿಸದೆ ಆ ಚೂರುಗಳನ್ನು ಕೂಡಿಸಲು ಕೂರಿಸಿದರು. "ಒಡೆಯಾಕ ಒಂದ ಏಟು. ಈಗ ಗೊತ್ತಾತಲಾ?" ಎಂದರು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕುಣಿಯ ಗೋಡೆಗೆ ನೀರು ಚಿಮುಕಿಸಿ ನೋಡುವುದು, ಒಣಗುವಾಗ ಯಾವ ಮಣ್ಣು ಮೊದಲು ಬಿಳಿಚಿಕೊಳ್ಳುತ್ತದೆ ಎಂದು ಗಮನಿಸುವುದು, ಸಡಿಲಾದ ದುಂಡನೆಯ ಜಾಗ ಕಂಡರೆ ಕೈ ನಿಲ್ಲಿಸಿ ಕೂಗುವುದು, ಇವೆಲ್ಲ ಅವರಿಂದ ಬಂದದ್ದು. ಸಡಿಲು ಜಾಗ ಹಗೇವಾದರೆ ಅದನ್ನು ಮೊದಲು ಬೇರೆಯಾಗಿ ಖಾಲಿ ಮಾಡಬೇಕು. ಅದರ ಬುಟ್ಟಿ ಬೇರೆ, ಅದರ ಚೀಟಿ ಬೇರೆ. ಚೀಟಿಯಲ್ಲಿ ಕುಣಿ ಯಾವುದು, ಮಣ್ಣಿನ ಥರ, ಅಂದರೆ ಪದರ, ಎಷ್ಟನೆಯದು ಎಂದು ಬರೆದು ಬುಟ್ಟಿಯ ಜೊತೆ ಬೋಕಿ ಅಂಗಳಕ್ಕೆ ಕಳಿಸಬೇಕು. ಅಲ್ಲಿ ಹೆಣ್ಣುಮಕ್ಕಳು ಚೂರುಗಳನ್ನು ತೊಳೆದು, ಚೀಟಿಯನ್ನು ಮೇಲಿಟ್ಟು, ಸಾಲಾಗಿ ಒಣಗಿಸುತ್ತಿದ್ದರು. ನನಗೆ ಅಂಕಿ ಬರೆಯಲು ಬರುತ್ತಿತ್ತಾದ್ದರಿಂದ ನಾಲ್ಕನೆಯ ಕುಣಿಯ ಚೀಟಿ ಬರೆಯುವ ಕೆಲಸ ನನಗೆ ಸಿಕ್ಕಿತು. ಊರಲ್ಲಿ ನನ್ನನ್ನು ಚೀಟಿ ಈರಪ್ಪ ಎಂದು ಕರೆದರು. ನನಗೆ ಅದು ಇಷ್ಟವಾಗುತ್ತಿತ್ತು.

ಬೋಕಿ ಅಂಗಳಕ್ಕೆ ನೀಲವ್ವ ಬಂದದ್ದು ಮೊದಲ ಹಂಗಾಮಿನ ನಡುವೆ. ಅವಳನ್ನು ಗಜೇಂದ್ರಗಡದ ಗುಡ್ಡದ ಕೆಳಗಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಮದುವೆಯಾಗಿ ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ಒಂದು ದಿನ ಬೀಗರು ಬಂದರೆಂದು ಅವಸರದಲ್ಲಿ ಹಗೇವು ತೆಗೆದರು. ಮುಚ್ಚಳ ತೆಗೆದ ಮೇಲೆ ಒಂದು ದಿನ ಗಾಳಿಯಾಡಲು ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ಇದು ಎಲ್ಲರಿಗೂ ಗೊತ್ತಿರುವ ರೂಢಿ. ಅವಳ ಅತ್ತೆ ಎರಡನ್ನೂ ಮಾಡಲಿಲ್ಲ. ಬಾಯಿ ಇಕ್ಕಟ್ಟಾಗಿದೆ, ಸೊಸೆ ತೆಳ್ಳಗಿದ್ದಾಳೆ ಎಂದು ನೀಲವ್ವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದಳು. ಒಳಗಿನ ಕೆಟ್ಟ ಗಾಳಿಗೆ ಅವಳು ಅಲ್ಲೇ ಬಿದ್ದಳು. ಎಳೆದು ಮೇಲೆ ಹಾಕಿದಾಗ ಸಂಜೆಯವರೆಗೆ ಎಚ್ಚರವಿರಲಿಲ್ಲ. ಎಂಟು ದಿನ ಬಿಟ್ಟು ರೋಣಕ್ಕೆ ಹತ್ತಿ ಹೇರಿಕೊಂಡು ಹೊರಟಿದ್ದ ಬಂಡಿಯಲ್ಲಿ ಕುಳಿತು ತವರಿಗೆ ಬಂದಳು. ತಿರುಗಿ ಹೋಗುವುದಿಲ್ಲ ಎಂದಳು.

ನಮ್ಮಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಹಿರಿಯ ಎಂದರೆ ನಮ್ಮ ಕಾಕಾ. ಗಂಡನ ಮನೆ ಬಿಟ್ಟ ಹುಡುಗಿಯನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಅವನು ದಿನಾ ಕೇಳುತ್ತಿದ್ದ. ಬೋಕಿ ತೊಳೆಯುವ ಕೆಲಸ ಸಿಕ್ಕ ಮೇಲೆ ಸುಮ್ಮನಾದ. ಅವಳು ಅಕ್ಷರ ಕಲಿತವಳಲ್ಲ. ಆದರೆ ಕೈಗೆ ಬಂದ ಚೂರಿನ ಅಂಚು ಮುಟ್ಟಿ, ಇದು ನಿನ್ನೆಯ ಮಡಕೆಯದೇ ತುಂಡು ಎಂದು ಹೇಳಿ ಜೋಡಿಸುತ್ತಿದ್ದಳು. ಎರಡನೆಯ ಹಂಗಾಮು ಶುರುವಾದಾಗ, ಆಗ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು, ಸಾಹೇಬರು ಬೋಕಿ ಅಂಗಳವನ್ನೆಲ್ಲ ಅವಳಿಗೆ ಒಪ್ಪಿಸಿದರು. ಮುಂದೆ ಬೇರೆ ಕಡೆ ಅಗೆಯುವಾಗಲೂ ಈಕೆ ಬರಲಿ, ಊಟ ವಸತಿಗೆ ವ್ಯವಸ್ಥೆ ಮಾಡೋಣ ಎಂದು ನಮ್ಮವ್ವನಿಗೆ ಹೇಳಿದರು. ಅವ್ವ ಒಪ್ಪಿದಳು. ನೀಲವ್ವನಿಗೆ ಆ ಮನೆಗೆ ಮರಳದೆ ಬದುಕಲು ಇದ್ದದ್ದು ಅದೊಂದೇ ದಾರಿ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಇಲ್ಲಿ ಬರೆಯುತ್ತಿರುವುದು ನಾನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು ಎಂದು.

ಆ ದಿನ ಹುಸೇನಸಾಬರು ಇರಲಿಲ್ಲ. ಮಗಳ ಮದುವೆಯ ಮಾತುಕತೆಗೆಂದು ಊರಿಗೆ ಹೋಗಿದ್ದರು. ಎರಡು ದಿನವೆಂದು ಹೇಳಿ ಹೋದವರು ವಾರವಾದರೂ ಬಂದಿರಲಿಲ್ಲ. ನಾಲ್ಕನೆಯ ಕುಣಿ ನನ್ನ ಕೈಯಲ್ಲಿತ್ತು. ನಾವು ಎಲ್ಲಕ್ಕಿಂತ ಕೆಳಗಿನ ಬೂದು ಮಡಕೆಯ ಥರಕ್ಕೆ ಇಳಿದಿದ್ದೆವು. ಮಣ್ಣು ಒಂದು ಕಡೆ ಸಡಿಲಾಗಿ ಬರತೊಡಗಿತು. ಸುಲಭವಾಗಿ ಬರುತ್ತಿದೆ ಎಂದು ನನಗೆ ಹಿತವೆನಿಸಿತು. ಎಳೆಯುತ್ತಾ ಹೋದೆ. ಗುದ್ದಲಿಗೆ ಕಬ್ಬಿಣದ ಕುಡಗೋಲಿನ ತುಂಡೊಂದು ತಾಗಿತು. ಜೊತೆಗೆ ಎರಡು ಗಾಜಿನ ಬಳೆ ಚೂರು. ಎಲ್ಲವನ್ನೂ ಬೂದು ಬೋಕಿಗಳಿದ್ದ ಬುಟ್ಟಿಗೇ ಹಾಕಿ ಒಂದೇ ಚೀಟಿ ಬರೆದೆ.

ಸಾಹೇಬರು ಕಬ್ಬಿಣ ನೋಡಿ ಕುಣಿಯೊಳಗೆ ಕುಳಿತುಬಿಟ್ಟರು. ಅಷ್ಟು ಹಳೆಯ ಥರದಲ್ಲಿ ಕಬ್ಬಿಣ ಇರಲಾರದು ಎಂದು ಆವರೆಗೆ ಎಲ್ಲರೂ ತಿಳಿದಿದ್ದರು. "ಈರಪ್ಪಾ, ಭಾಳ ಚಲೋ ಕೆಲಸ ಮಾಡಿದಿ," ಎಂದು ನನ್ನ ಕೈ ಹಿಡಿದು ಕುಲುಕಿದರು. ನನ್ನ ಕೈ ಯಾರೂ ಹಾಗೆ ಹಿಡಿದಿರಲಿಲ್ಲ. ಅವರು ಪುಣೆಯ ಒಬ್ಬ ಹಿರಿಯ ಪಂಡಿತರಿಗೆ ಆಗಲೇ ತಂತಿ ಕಳಿಸಿದರು.

ಮಧ್ಯಾಹ್ನ ರೊಟ್ಟಿ ತಂದ ನೀಲವ್ವ ಕುಣಿಯ ಅಂಚಿನಲ್ಲಿ ಕುಳಿತಳು. ತೆಗೆದು ಹಾಕಿದ್ದ ಮಣ್ಣಿನಿಂದ ಒಂದು ಹೆಂಟೆ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಅಣ್ಣಾ, ಇದು ಹಗೇವು."

"ಯಾವ ಹಗೇವು?"

"ನೋಡಿಲ್ಲಿ. ಈ ಮಗ್ಗಲು ನುಣ್ಣಗ ಐತಿ. ಕಣಿಕಿ ಗೆರಿ ಸಾಲಾಗಿ ಮೂಡ್ಯಾವು. ಇದು ಹಗೇವಿನ ಗ್ವಾಡಿ."

"ಇಷ್ಟ ಕೆಳಗ ಯಾರ ಹಗೇವು ತೋಡ್ತಾರ? ಸುಮ್ನ ಇರು."

"ನಾ ಹಗೇವಿನ್ಯಾಗ ಬಿದ್ದಾಗ ನನ್ನ ಮಾರಿ ಗ್ವಾಡಿಗೆ ಹತ್ತಿತ್ತು. ಅದು ಹ್ಯಾಂಗ ಇರ್ತೈತಿ ಅಂತ ನನಗ ಹೇಳಬ್ಯಾಡ. ಸಾಹೇಬ್ರಿಗೆ ಲಗೂ ಹೇಳು. ಕುಡಗೋಲು ಮ್ಯಾಲಿನ ಕಾಲದ್ದು."

ಹೆಂಟೆಯನ್ನು ನನ್ನ ಕೈಗೆ ಕೊಟ್ಟಳು. ನೋಡಿದೆ. ಗೆರೆಗಳು ಎದ್ದು ಕಾಣುತ್ತಿದ್ದವು. ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಯಿತು. ಅವಳು ಬೋಕಿ ಅಂಗಳದ ಕಡೆ ಹೊರಟ ಮೇಲೆ ಹೆಂಟೆಯನ್ನು ಮಣ್ಣಿನ ಗುಡ್ಡೆಗೆ ಎಸೆದೆ. ಅದು ಬಿದ್ದು ಪುಡಿಯಾಯಿತು.

ಸಾಹೇಬರಿಗೆ ಹೇಳಲು ನಾಲ್ಕು ದಿನ ಇತ್ತು. ಹೇಳಲಿಲ್ಲ. ಐದನೆಯ ದಿನ ಪಂಡಿತರು ಜೀಪಿನಲ್ಲಿ ಬಂದರು. ವಯಸ್ಸಾದವರು, ಕೋಲು ಊರಿಕೊಂಡೇ ಕುಣಿಗೆ ಇಳಿದರು. ಕುಡಗೋಲನ್ನು ನೋಡುವ ಮುಂಚೆ ಗೋಡೆಗೆ ನೀರು ಚಿಮುಕಿಸಿ ಎಂದರು. ನಾನೇ ಚಿಮುಕಿಸಿದೆ. ಗೋಡೆ ಒಣಗುತ್ತಾ ಬಂದಂತೆ ಅದರಲ್ಲಿ ದೊಡ್ಡ ಗಡಿಗೆಯ ಆಕಾರ ಮೂಡಿತು. ಇಕ್ಕಟ್ಟು ಕುತ್ತಿಗೆ, ಅಗಲ ಹೊಟ್ಟೆ, ಸುತ್ತಲೂ ನೂಲಿನಂಥ ಬಿಳಿ ಗೆರೆ. ಅರ್ಧ ಹಗೇವು ಗೋಡೆಯೊಳಗಿತ್ತು. ಉಳಿದ ಅರ್ಧವನ್ನು ನಾನು ಅಗೆದು ಮುಗಿಸಿದ್ದೆ. ಪಂಡಿತರು ಕೋಲಿನಿಂದ ಅದನ್ನು ತೋರಿಸಿ ಇಂಗ್ಲಿಷಿನಲ್ಲಿ ಒಂದೆರಡು ಮಾತು ಆಡಿದರು. ಸಾಹೇಬರ ಮುಖ ಇಳಿಯಿತು. ಕೂಲಿಯವರೆಲ್ಲ ಕುಣಿಯ ಸುತ್ತ ನಿಂತಿದ್ದರು.

"ಈರಪ್ಪಾ, ಕುಡಗೋಲು ಈ ಹಗೇವಿನ ಒಳಗ ಇತ್ತೋ, ಹೊರಗ ಇತ್ತೋ?"

"ಎರಡೂ ಬುಟ್ಟಿ ಬ್ಯಾರೆ ಬ್ಯಾರೆ ತುಂಬಿದ್ನಿರಿ. ಚೀಟಿನೂ ಬ್ಯಾರೆ ಬರದಿದ್ನಿ. ಬೋಕಿ ಅಂಗಳದಾಗ ಕಲತಾವು ಕಾಣ್ತೈತ್ರಿ."

"ಹಗೇವು ಅಂತ ನಿನಗ ಅವತ್ತ ಗೊತ್ತಾಗಿತ್ತೇನು?"

"ಹೌದ್ರಿ. ಮಣ್ಣ ನೋಡಿದ ಕೂಡ್ಲೆ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಚೀಟಿ ನೋಡಿ ತಿಳಕೊಂಡೀರಿ ಅಂತ ಮಾಡಿದ್ನಿರಿ."

ನೀಲವ್ವನನ್ನು ಕರೆಸಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಚೀಟಿ ಅದಲು ಬದಲು ಮಾಡಿದೆಯಾ ಎಂದು ಸಾಹೇಬರು ಕೇಳಿದರು.

"ಇಲ್ರಿ ಸಾಹೇಬ್ರ. ಬಂದದ್ದ ಒಂದ ಬುಟ್ಟಿ, ಒಂದ ಚೀಟಿ. ಹಗೇವು ಅಂತ ಅಣ್ಣಗ ಹೇಳಿದಾಕಿ ನಾನು. ಹೆಂಟಿ ಸುದ್ದಾ ಕೈಯಾಗ ಕೊಟ್ಟಿದ್ನಿ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ನಾನು ಆಡಿದ ಮಾತು ಇದು: "ಆಕಿ ಮಾತ ಹಿಡೀಬ್ಯಾಡ್ರಿ ಸಾಹೇಬ್ರ. ಗಂಡನ ಮನ್ಯಾಗ ಹಗೇವಿನ್ಯಾಗ ಬಿದ್ದಾಗಿಂದ ಆಕಿ ತಲಿ ಸರಿ ಇಲ್ಲ. ಯಾವ ತೆಗ್ಗ ಕಂಡ್ರೂ ಹಗೇವು ಅಂತಾಳ."

"ತಲಿ ಸರಿ ಇಲ್ಲ ಅಂದ್ಯಾ?" ಎಂದು ನೀಲವ್ವ ಕೇಳಿದಳು. ಸಿಟ್ಟಿನಿಂದಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಕೇಳಿದಳು. ನಾನು ನೀರಿನ ಕೊಡವನ್ನು ನೋಡುತ್ತಾ ನಿಂತೆ.

ಸಾಹೇಬರಿಗೆ ಬರೆಯಬಲ್ಲವನ ಮಾತೇ ಹೆಚ್ಚಾಯಿತು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ಅವರು ಅನ್ನಲಿಲ್ಲ. "ಮನಿಗೆ ಹೋಗವಾ, ಸ್ವಲ್ಪ ದಿನ ಆರಾಮ ತಗೋ," ಎಂದರು. ಬೋಕಿ ಅಂಗಳಕ್ಕೆ ಬೇರೆಯವರನ್ನು ಹಾಕಿದರು.

ಕುಣಿಯ ಸುತ್ತ ನಿಂತಿದ್ದವರು ಆ ಮಾತನ್ನು ಊರಿಗೆ ಒಯ್ದರು. ಸಂಜೆ ಬಾವಿಕಟ್ಟೆಯಲ್ಲಿ ಅದೇ ಮಾತು. ಸಂತೆಗೆ ಹೋದವರಿಂದ ಅದು ಗಜೇಂದ್ರಗಡದ ಕಡೆಗೂ ಮುಟ್ಟಿತು. ಹದಿನೈದು ದಿನಕ್ಕೆ ಅವಳ ಗಂಡನ ಮನೆಯವರು ಇಬ್ಬರು ಹಿರಿಯರ ಜೊತೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ, ಅನ್ನ ಬಟ್ಟೆಗೆ ಕಡಿಮೆ ಮಾಡುವುದಿಲ್ಲ, ಆದರೆ ತಲೆ ಸರಿ ಇಲ್ಲದವಳ ಜೊತೆ ನಮ್ಮ ಹುಡುಗ ಸಂಸಾರ ಮಾಡಲಾರ, ಇನ್ನೊಂದು ಮದುವೆ ಮಾಡುತ್ತೇವೆ, ನೀವು ಅಡ್ಡ ಬರಬಾರದು ಎಂದರು.

ಅವ್ವ ಒಳಗಿನಿಂದ ಏನೋ ಹೇಳಲು ಬಂದಳು. ಕಾಕಾ ಅವಳನ್ನು ತಡೆದ. "ಒಡಹುಟ್ಟಿದ ಅಣ್ಣನ ಹೇಳ್ಯಾನ ಅಂದ್ಮ್ಯಾಲ ಇನ್ನ ಮುಚ್ಚಿಡೂದೇನೈತಿ?" ಎಂದ. ನನ್ನ ಕಡೆ ತಿರುಗಿ, "ಏನಂತಿಯೋ ಈರಪ್ಪಾ?" ಎಂದು ಕೇಳಿದ.

"ಹಿರ್ಯಾರು ಹ್ಯಾಂಗ ಅಂತೀರಿ ಹಂಗ," ಎಂದೆ.

ಕುಣಿಯಲ್ಲಿ ಆಡಿದ್ದು ಹೆದರಿಕೆಯಿಂದ ಆಡಿದ ಮಾತು ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಪಡಸಾಲೆಯಲ್ಲಿ ಯಾವ ಹೆದರಿಕೆಯೂ ಇರಲಿಲ್ಲ. ನಿಜ ಹೇಳಿದ್ದರೆ ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು. ಅವಳು ಹೊರಟ ಬೆಳಿಗ್ಗೆ ನಾನು ಎಂದಿಗಿಂತ ಮುಂಚೆ ದಿಬ್ಬಕ್ಕೆ ಹೋದೆ.

ಹುಸೇನಸಾಬರು ಬಂದ ಮೇಲೆ ನಾಲ್ಕನೆಯ ಕುಣಿಯಲ್ಲಿ ಇಳಿದು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಎರಡ ಬುಟ್ಟಿ ತುಂಬಿದ್ದಿ?"

"ಹೌದ್ರಿ."

"ಅವತ್ತ ಈ ಕುಣ್ಯಾಗ ಇದ್ದದ್ದ ಒಂದ ಬುಟ್ಟಿ. ಉಳದವು ರಿಪೇರಿಗೆ ಅಂತ ಊರಿಗೆ ಹೋಗೂ ಮುಂದ ನಾನ ಒಯ್ದಿದ್ನಿ."

ನಾನು ಗುದ್ದಲಿ ಎತ್ತಿಕೊಂಡು ಕೆಲಸಕ್ಕೆ ಬಗ್ಗಿದೆ. ಅವರು ಅದನ್ನು ಸಾಹೇಬರ ತನಕ ಒಯ್ಯಲಿಲ್ಲ. "ಹೇಳಿದ ದಿನಕ್ಕ ನಾ ಬರ್ಲಿಲ್ಲ. ನಾ ಯಾವ ಮಾರೀಲೆ ಮಾತಾಡ್ಲಿ," ಎಂದು ಗೋಡೆಗೆ ಹೇಳುವಂತೆ ಹೇಳಿ ಮೇಲೆ ಹತ್ತಿದರು. ಆಮೇಲೆ ನನಗೆ ಕೆಲಸ ಕಲಿಸಿದರು, ಆದರೆ ಮಾತು ಕಡಿಮೆ ಮಾಡಿದರು.

ಹಂಗಾಮು ಮುಗಿದಾಗ ಸಾಹೇಬರು ಮುಂದಿನ ಜಾಗಕ್ಕೆ ನನ್ನನ್ನು ಕರೆದೊಯ್ದರು. ಹಗೇವನ್ನು ಮಣ್ಣು ನೋಡಿ ಗುರುತಿಸುವ ಆಳು ಎಂಬುದೇ ಅದಕ್ಕೆ ಕಾರಣ. ಅಲ್ಲಿಂದ ಮೂವತ್ತಕ್ಕೂ ಹೆಚ್ಚು ವರ್ಷ ನದಿ ದಂಡೆಗಳಲ್ಲಿ, ಗುಡ್ಡಗಳ ಬುಡದಲ್ಲಿ ಅಗೆದೆ. ಉದ್ದ ಕಾಲುವೆಯ ಹಾಗೆ ಅಗೆಯುವುದು ಹೋಗಿ ಚೌಕ ಚೌಕವಾಗಿ, ನಡುವೆ ಗೋಡೆ ಬಿಟ್ಟು ಅಗೆಯುವುದು ಬಂತು. ಬಟ್ಟೆ ಚೀಲ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಮೊದಲು ಚೆಲ್ಲುತ್ತಿದ್ದ ಮಣ್ಣನ್ನೆಲ್ಲ ಸಾಣಿಗೆ ಹಿಡಿಯತೊಡಗಿದರು. ಮೀನಿನ ಮುಳ್ಳು, ಇಲಿಯ ಹಲ್ಲು ಕೂಡ ಲೆಕ್ಕಕ್ಕೆ ಬಂದವು. ಒಬ್ಬ ಮೇಲಧಿಕಾರಿಗೆ ಅಳತೆಯ ಮೇಲೆ ಮಾತ್ರ ನಂಬಿಕೆ. ಮಣ್ಣು ಬದಲಾದರೂ ಬದಲಾಗದಿದ್ದರೂ ಗೇಣು ಗೇಣಿಗೆ ಚೀಟಿ ಬದಲಿಸು ಎನ್ನುತ್ತಿದ್ದ. ಅವನ ಕೈಕೆಳಗೆ ಒಂದು ಹಂಗಾಮು ಪೂರ್ತಿ ವ್ಯರ್ಥವಾಯಿತು. ಇನ್ನೊಬ್ಬ ಅಧಿಕಾರಿ ಹೊಸಬ, ಏನೂ ಗೊತ್ತಿಲ್ಲ ಎಂದು ತಾನೇ ಹೇಳಿಕೊಂಡು ಕೂಲಿಯವರ ಜೊತೆ ಕುಳಿತು ಗೋಡೆ ನೋಡುತ್ತಿದ್ದ. ಅವನು ಚೆನ್ನಾಗಿ ಕಲಿತ.

ಎಲ್ಲಿ ಹೋದರೂ ಹಗೇವುಗಳು ಸಿಕ್ಕವು. ಪ್ರತಿ ಸಲವೂ ನಾನೇ ಮೊದಲು ಕೈ ಎತ್ತಿ ಕೂಗಿದೆ, ಬುಟ್ಟಿ ಬೇರೆ ಮಾಡಿಸಿದೆ. ಹೆಂಟೆಯ ಮಗ್ಗಲು ತಿರುಗಿಸಿ ಕಣಿಕೆಯ ಗೆರೆ ಹುಡುಕುವುದನ್ನು ಎಷ್ಟೋ ಜನಕ್ಕೆ ಕಲಿಸಿದೆ. ಯಾರಿಂದ ಕಲಿತಿರಿ ಎಂದು ಕೇಳಿದರೆ ಹುಸೇನಸಾಬರ ಹೆಸರು ಹೇಳುತ್ತಿದ್ದೆ.

ವರದಿ ಅಚ್ಚಾಗಲು ಹಲವು ವರ್ಷ ಹಿಡಿಯಿತು. ಸಾಹೇಬರು ಒಂದು ಪ್ರತಿ ನನಗೂ ಕಳಿಸಿದರು. ಇಂಗ್ಲಿಷ್ ಪುಸ್ತಕ. ರೋಣದ ಒಬ್ಬ ಮಾಸ್ತರರು ಓದಿ ಅರ್ಥ ಹೇಳಿದರು. ನಾಲ್ಕನೆಯ ಕುಣಿಯ ಬಗ್ಗೆ ಎರಡು ಸಾಲು ಇದ್ದವು. ಹಗೇವನ್ನು ಈರಪ್ಪ ಗುರುತಿಸಿದ ಎಂಬುದು ಒಂದು. ತೊಳೆಯುವ ಅಂಗಳದ ಒಬ್ಬ ಹೆಂಗಸಿನ ಅಜಾಗರೂಕತೆಯಿಂದ ಅದರ ವಸ್ತುಗಳು ಕಲೆತುಹೋದವು ಎಂಬುದು ಇನ್ನೊಂದು. ಮಾಸ್ತರರು ನನ್ನ ಬೆನ್ನು ತಟ್ಟಿದರು. ಮರುದಿನ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ. ಅವಳು ಹೋದ ಮೇಲೆ ಆ ಮನೆಗೆ ನಾನು ಹೋದದ್ದು ಅದೇ ಮೊದಲು.

ನೀಲವ್ವ ಹಿತ್ತಲಲ್ಲಿ ಕಾಳು ಕೇರುತ್ತಿದ್ದಳು. ಗಂಡನ ಎರಡನೆಯ ಹೆಂಡತಿ ಶಾಂತವ್ವ ಕೆಟ್ಟವಳಲ್ಲ. ಅವಳ ಮಕ್ಕಳು ನೀಲವ್ವನನ್ನು ದೊಡ್ಡವ್ವ ಎನ್ನುತ್ತಿದ್ದರು. ಆದರೆ ಆ ಮನೆಯಲ್ಲಿ ನೀಲವ್ವನಿಗೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ, ಬಾವಿಗೆ ಕಳಿಸುತ್ತಿರಲಿಲ್ಲ, ಕೂಸುಗಳನ್ನು ಅವಳೊಬ್ಬಳ ಹತ್ತಿರ ಬಿಡುತ್ತಿರಲಿಲ್ಲ. ತಲೆ ಸರಿ ಇಲ್ಲದವಳು ಎಂಬ ಮಾತು ಆ ಮನೆಯಲ್ಲಿ ಹೀಗೆ ನಡೆಯುತ್ತಿತ್ತು.

ನಾನು ಎದುರು ಕುಳಿತು ಎಲ್ಲ ಹೇಳಿದೆ. ಪುಸ್ತಕದಲ್ಲಿದ್ದ ಎರಡು ಸಾಲನ್ನೂ ಹೇಳಿದೆ. ಅವಳು ಮೊರ ನಿಲ್ಲಿಸಲಿಲ್ಲ.

"ಹೆಂಟಿ ಒಗದದ್ದು ನಾ ನೋಡಿದ್ನಿ. ತಿರುಗಿ ನೋಡಿದ್ನಿ ಅವತ್ತು."

"ತಪ್ಪಾತವಾ."

"ನನಗ ಹೇಳಾಕ ಬಸ್ ಹತ್ತಿ ಬಂದ್ಯಾ? ನನಗ ಗೊತ್ತಿದ್ದದ್ದ ಐತಿ. ಹೊರಗ ಕಟ್ಟಿ ಮ್ಯಾಲ ಕುಂತಾರಲ್ಲ, ಅವರಿಗೆ ಹೇಳು. ನನ್ನ ತಲಿ ಸರಿ ಇತ್ತು ಅಂತ ಹೇಳು. ಅಷ್ಟ ಸಾಕು."

ಹೊರಗೆ ಅವಳ ಗಂಡ, ಅವನ ತಮ್ಮ, ನೆರೆಯವರು ಇಬ್ಬರು ಕುಳಿತಿದ್ದರು. "ನೀಲವ್ವನ ವಿಚಾರ ಒಂದು ಹೇಳೂದಿತ್ತು, ಆಗ ಕೆಲಸದಾಗ ಒಂದ ತಪ್ಪ ಆಗಿತ್ತು," ಎಂದು ಶುರು ಮಾಡಿದೆ. ಅವಳ ಗಂಡ ನಕ್ಕು, "ಹೋಗ್ಲಿ ಬಿಡ್ರಿ ಈರಪ್ಪಣ್ಣ, ಯಾವ ಕಾಲದ ಮಾತು. ಆಕಿದೇನ ಕಾಟ ಇಲ್ಲ ನಮಗ. ಚಾ ಆರತೈತಿ, ಕುಡೀರಿ," ಎಂದ. ನಾನು ಕುಡಿದೆ. ಆಮೇಲೆ ಅವರು ಹತ್ತಿಯ ಧಾರಣೆ ಮಾತಾಡಿದರು, ನಾನೂ ಮಾತಾಡಿದೆ. ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಚಹಾ ಕುಡಿದ ಕಪ್ಪು, ಬಸಿಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಬಸ್ಸಿಗೆ ಹೊರಟೆ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನನ್ನ ಕಡೆಯಿಂದ ಹೇಳುವುದು ಇಷ್ಟೇ. ಬುಟ್ಟಿ ಹೊರುವವರು, ಬೋಕಿ ತೊಳೆಯುವವರು ಏನಾದರೂ ಹೇಳಿದರೆ ಅವರ ಹೆಸರಿನ ಸಮೇತ ಆಗಲೇ ಬರೆದುಕೊಳ್ಳಿ. ನಿಮ್ಮ ತಪ್ಪು ಗೊತ್ತಾದ ದಿನವೇ ಹೇಳಿ. ಐದನೆಯ ದಿನಕ್ಕೆ ಅದನ್ನು ಹೇಳಲು ಬಾಯಿ ಬರುವುದಿಲ್ಲ.

ಆ ಇಬ್ಬರು ತರುಣರಿಗೆ ಕಾಗದ ಬರೆದಿದ್ದೇನೆ. ಇಲಾಖೆಯಲ್ಲಿರುವ ವರದಿಯ ಪ್ರತಿಗೆ ಒಂದು ತಿದ್ದುಪಡಿಯ ಹಾಳೆ ಅಂಟಿಸಲು ಸಾಧ್ಯವೇ ಎಂದು ಕೇಳಿದ್ದೇನೆ. ಸಾಹೇಬರು ಈಗ ಇಲ್ಲ. ನೀಲವ್ವನ ಗಂಡನೂ ತೀರಿಕೊಂಡಿದ್ದಾನೆ. ನೀಲವ್ವ ಇದ್ದಾಳೆ, ಶಾಂತವ್ವ ಇದ್ದಾಳೆ. ಶಾಂತವ್ವನ ಮೊಮ್ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ನಾನು ಬರುತ್ತೇನೆ, ಈ ಸಲ ಎಲ್ಲರ ಮುಂದೆ ಹೇಳುತ್ತೇನೆ ಎಂದು ಆ ಹುಡುಗಿಯ ಮೂಲಕ ಹೇಳಿ ಕಳಿಸಿದ್ದೆ. ನೀಲವ್ವ ಹೇಳಿ ಕಳಿಸಿದ ಉತ್ತರವನ್ನು ಹುಡುಗಿ ಹಾಗೇ ಬರೆದಿದ್ದಾಳೆ: "ಬರ್ಲಿ. ಖರೇ ಹೇಳೂದಾದ್ರ ಬಾಯಿಲೆ ಬ್ಯಾಡ, ಬರಕೊಂಡ ಬರ್ಲಿ. ಬಾಯಿ ಮಾತು ಅಂವಗ ನಡುವ ನಿಂತ ಬಿಡ್ತಾವು."

ಅದಕ್ಕೇ ಬರೆದೆ. ಬರುವ ರವಿವಾರ ಇದನ್ನು ತೆಗೆದುಕೊಂಡು ಹೋಗುತ್ತೇನೆ. ಆ ಮನೆಯ ಅಂಗಳದಲ್ಲಿ, ನೆರೆಯವರನ್ನೂ ಕೂರಿಸಿಕೊಂಡು, ಆ ಹುಡುಗಿ ಇದನ್ನು ಮೊದಲಿನಿಂದ ಓದಬೇಕು.

ನಾಲ್ಕನೆಯ ಕುಣಿಯ ಹಗೇವನ್ನು ಮೊದಲು ಕಂಡವಳು ನೀಲವ್ವ. ಬುಟ್ಟಿ ಕಲೆಸಿದವನು ನಾನು. ಅವಳ ತಲೆ ಆಗಲೂ ಸರಿ ಇತ್ತು, ಈಗಲೂ ಸರಿ ಇದೆ.

ಓದುತ್ತಿರುವ ಮಗಳೇ, ಮೇಲಿನ ಮೂರು ವಾಕ್ಯಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದು. ನಿಮ್ಮಜ್ಜಿ ಶಾಂತವ್ವನಿಗೆ ಕಿವಿ ಮಂದ.